ಚುಕ್ಕಿರಾಯನನ್ನು ಕೊಂದವರು ಮಕ್ಕಳೇ?

"ಬೋರ್ಡು ಓದೋಕೆ ಬರುತ್ತಲ್ವೇನಮ್ಮಾ ನಿಮಗೆ? ಮಕ್ಕಳಿಗೆ ಪ್ರವೇಶ ಇಲ್ಲ ಅಂತ ಇಷ್ಟು ದಪ್ಪಕ್ಷರದಲ್ಲಿ ಬರೆಸಿದ್ದೀನಿ!"

ಜಿಂಕೆ, ನವಿಲು ಸಾಕಿದ್ದ ಹಿಪ್ಪೆತೋಪಿನ ವನದ ಸೂಪರಿಂಟೆಂಡೆಂಟ್ ಶ್ರೀನಿವಾಸಮೂರ್ತಿ ಗೇಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಿದ್ದರು. ಹೊರಗೆ ಶಿಶುವಿಹಾರದ ಹದಿನೆಂಟು ಮಕ್ಕಳು ಒಂದೇ ಹಗ್ಗ ಹಿಡಿದುಕೊಂಡು ಸಾಲಾಗಿ ನಿಂತಿದ್ದವು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದು ಬಂದ ಮಕ್ಕಳು. ಮೊಣಕಾಲವರೆಗೂ ಕೆಂಧೂಳು.

"ಓದಾಕ ಬರ್ತೈತ್ರೀ," ಎಂದರು ಪ್ರೇಮಕ್ಕ. "ಓದೇ ಬಂದೇನಿ. ಮಕ್ಕಳು ಜಿಂಕೀಗೆ ವಿಷ ತಿನ್ನಿಸಿದ್ವು ಅಂತ ನೀವ ಬರದು ಕೊಟ್ಟೀರಿ. ಹ್ಯಾಂಗ ತಿನ್ನಿಸಿದ್ವು, ಅದನ್ನ ಇಲ್ಲೇ ಮಾಡಿ ತೋರಿಸ್ಲಿ. ಅವತ್ತ ಬಂದಿದ್ದ ಹದಿನೆಂಟೂ ಮಕ್ಕಳನ್ನ ಕರಕೊಂಡ ಬಂದೇನಿ."

ಪ್ರೇಮಕ್ಕ ಧಾರವಾಡದವರು. ಫ್ಯಾಕ್ಟರಿ ಕಾಲೊನಿಯ ಶಿಶುವಿಹಾರಕ್ಕೆ ಟೀಚರಾಗಿ ಬಂದು ಹನ್ನೊಂದು ವರ್ಷವಾಗಿತ್ತು. ದಿನಾ ಬೆಂಗಳೂರು ಮಾತನ್ನೇ ಆಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಊರ ಮಾತು ಬರುತ್ತಿತ್ತು. ಕಳೆದ ಐದು ದಿನದಿಂದ ಅವರ ಬಾಯಲ್ಲಿ ಬೇರೆ ಮಾತೇ ಬಂದಿರಲಿಲ್ಲ.

ಹೋದ ಗುರುವಾರ ಮಕ್ಕಳು ವನ ನೋಡಿ ಹೋದ ಸಂಜೆಯೇ ಚುಕ್ಕಿರಾಯ ಎಂಬ ಗಂಡು ಜಿಂಕೆ ಸತ್ತಿತ್ತು. ಮಕ್ಕಳು ಕಣಗಿಲೆ ಸೊಪ್ಪು ತಿನ್ನಿಸಿದ್ದೇ ಕಾರಣ, ತಿನ್ನಿಸಲು ಹೇಳಿಕೊಟ್ಟವಳು ಆಯಾ ಗಂಗಲಕ್ಷ್ಮಮ್ಮ ಎಂದು ಶ್ರೀನಿವಾಸಮೂರ್ತಿ ಪೊಲೀಸರಿಗೆ ದೂರು ಕೊಟ್ಟಿದ್ದರು.

ಅರವತ್ತು ದಾಟಿದ, ಮಕ್ಕಳೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದ ಗಂಗಲಕ್ಷ್ಮಮ್ಮ ಮೂರು ದಿನದಿಂದ ಬೆಳಿಗ್ಗೆ ಹಲಸೂರಿನ ಮನೆಯಿಂದ ಹೊರಟು ಸಂಜೆವರೆಗೂ ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ತಪ್ಪೊಪ್ಪಿಕೊಂಡರೆ ಬಿಡುತ್ತೇವೆ ಎನ್ನುತ್ತಿದ್ದರಂತೆ. ಶಿಶುವಿಹಾರದ ಕಮಿಟಿ ಅವಳನ್ನು ಕೆಲಸದಿಂದ ತೆಗೆಯುವ ಕಾಗದವನ್ನೂ ಟೈಪು ಮಾಡಿಸಿಟ್ಟಿತ್ತು.

"ಯಾರ ಪರ್ಮಿಶನ್ ಮೇಲೆ ಇದೆಲ್ಲ?" ಶ್ರೀನಿವಾಸಮೂರ್ತಿಯ ದನಿ ಏರಿತು.

"ನನ್ನ ಪರ್ಮಿಶನ್ ಸಾರ್."

ಮಕ್ಕಳ ಸಾಲಿನ ಹಿಂದಿನಿಂದ ಸಬ್ ಇನ್ಸ್‌ಪೆಕ್ಟರ್ ಶೇಖರಪ್ಪ ಮುಂದೆ ಬಂದರು. ಟೋಪಿ ತೆಗೆದು ಹಣೆ ಒರೆಸಿಕೊಂಡರು. ಈ ಟೀಚರಮ್ಮ ನಿನ್ನೆ ಠಾಣೆಗೆ ಬಂದು ಎರಡು ಗಂಟೆ ಹೊತ್ತು ಎದುರು ಕೂತು ಎದ್ದಿರಲಿಲ್ಲ. ಒಂದು ಸಲ ಜಾಗ ನೋಡಿ ಬಂದರೆ ತಲೆನೋವು ತಪ್ಪುತ್ತದೆ ಎಂದುಕೊಂಡೇ ಅವರು ಹೊರಟಿದ್ದರು.

"ಅರ್ಧ ಗಂಟೆ ಕೆಲಸ ಸಾರ್. ನೋಡಿ ಹೋಗ್ಬಿಡ್ತೀವಿ," ಎಂದರು.

ಶ್ರೀನಿವಾಸಮೂರ್ತಿಯ ಕೈ ನಿಧಾನವಾಗಿ ಕೆಳಗಿಳಿಯಿತು.

ಒಳಗೆ ಹೋದರೂ ಮಕ್ಕಳು ಕೂಗಲಿಲ್ಲ, ಓಡಲಿಲ್ಲ. ಹೋದ ವಾರ ಇದೇ ದಾರಿಯಲ್ಲಿ ಅವನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಗಿತ್ತು. ನವಿಲಿನ ಪಂಜರದ ಮುಂದೆ ಅವು ನವಿಲಿಗಿಂತ ಜೋರಾಗಿ ಕೂಗಿದ್ದವು. ಇವತ್ತು ನವಿಲು ತಾನಾಗಿ ಕೂಗಿದರೂ ಒಂದು ಮಗುವೂ ಅತ್ತ ತಿರುಗಲಿಲ್ಲ. ಪ್ರೇಮಕ್ಕ ಅದನ್ನೇ ನೋಡುತ್ತಾ ನಡೆದರು. ನಾಲ್ಕೈದು ವರ್ಷದ ಕೂಸುಗಳನ್ನು ಹೀಗೆ ಮಾಡಿಟ್ಟರಲ್ಲ!

ಸಾಲಿನ ಕೊನೆಯಲ್ಲಿ ಜಲಜಾ ಇದ್ದಳು. ಟರ್ನರ್ ಕೆಲಸದವನ ಮಗಳು, ಐದು ವರ್ಷ. ಶುಕ್ರವಾರ ಬೆಳಿಗ್ಗೆ ಕಾಲೊನಿಯ ನೋಟಿಸ್ ಬೋರ್ಡಿನ ಮುಂದೆ ದೊಡ್ಡವರು ಮಾತಾಡಿಕೊಂಡಿದ್ದು ಅವಳ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ಅವಳು ಸರಿಯಾಗಿ ಅನ್ನ ತಿಂದಿರಲಿಲ್ಲ. ಯಾಕೆ ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

ಕಣಗಿಲೆ ಬೇಲಿ ಇದ್ದದ್ದು ಆಫೀಸಿನ ಹಿಂದೆ. ಗುಲಾಬಿ ಹೂ ಬಿಟ್ಟು ದಟ್ಟವಾಗಿ ಬೆಳೆದಿತ್ತು. ಒಂದು ಕಡೆ ಮಾತ್ರ ಕೊಂಬೆಗಳು ತುಂಡಾಗಿ ಬೋಳಾಗಿತ್ತು.

"ಇಲ್ಲೇ ಕಿತ್ತಿದ್ದು," ಶ್ರೀನಿವಾಸಮೂರ್ತಿ ಬೆರಳು ತೋರಿಸಿದರು. "ಪ್ರತ್ಯಕ್ಷ ಸಾಕ್ಷಿ. ಇನ್ನೇನು ಬೇಕು?"

"ನಾಣಿ, ಬಾ ಇಲ್ಲೆ," ಪ್ರೇಮಕ್ಕ ಕರೆದರು. ಮಕ್ಕಳಲ್ಲೆಲ್ಲ ಎತ್ತರದವನು ನಾಣಿ. "ಆ ತುಂಡಾದ ಕೊಂಬೀ ಮುಟ್ಟು ನೋಡೋಣ."

ನಾಣಿ ಕೈ ಚಾಚಿದ. ತುದಿಗಾಲಲ್ಲಿ ನಿಂತ. ಹಾರಿದ. ಮತ್ತೆ ಹಾರಿದ. ಅವನ ಬೆರಳಿಗೂ ಕೊಂಬೆಗೂ ನಡುವೆ ಇನ್ನೂ ಒಂದು ಮೊಳ ಉಳಿದಿತ್ತು.

"ಆಗಲ್ಲ ಟೀಚರ್. ನಾನು ದೊಡ್ಡೋನಾದ್ಮೇಲೆ ಮುಟ್ತೀನಿ," ಎಂದ.

ಶೇಖರಪ್ಪ ಹತ್ತಿರ ಹೋಗಿ ನಿಂತರು. ತುಂಡಾದ ಜಾಗ ಅವರ ಭುಜಕ್ಕಿಂತ ಮೇಲಿತ್ತು. ಒಂದು ಕೊಂಬೆಯನ್ನು ಬಗ್ಗಿಸಿ ನೋಡಿದರು. ಅದರ ತುದಿ ಓರೆಯಾಗಿ, ಹೆರೆದ ಪೆನ್ಸಿಲಿನಷ್ಟು ನುಣುಪಾಗಿತ್ತು.

"ಇದು ಕಿತ್ತಿದ್ದಲ್ಲ," ಎಂದರು ಮೆಲ್ಲಗೆ. "ಕತ್ತರಿಸಿದ್ದು."

"ಮಕ್ಕಳು ಎಲೀ ಹರದ್ರ ತೊಟ್ಟಿನ ಜೋಡಿ ಸಿಪ್ಪೀನೂ ಕಿತ್ತು ಬರ್ತೈತಿ. ಶಿಶುವಿಹಾರದ ದಾಸವಾಳದ ಗಿಡಾನ ದಿನಾ ನೋಡ್ತೀನಿ ನಾನು," ಎಂದರು ಪ್ರೇಮಕ್ಕ. "ಶ್ರೀರಾಮಪ್ಪ, ನೀವು ಕತ್ತರಿಸಿದ್ರೇನು?"

ತೋಟದ ಮಾಲಿ ಶ್ರೀರಾಮಪ್ಪ ಅಲ್ಲೇ ಗುದ್ದಲಿ ಊರಿ ನಿಂತು ನೋಡುತ್ತಿದ್ದ. ಅವನು ಮೊದಲು ಸೂಪರಿಂಟೆಂಡೆಂಟರ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ನಾನಲ್ಲ ತಾಯಿ. ಗುರುವಾರದಿಂದ ಕತ್ರಿ ನನ್ ಕೈಗೇ ಸಿಕ್ಕಿಲ್ಲ. ಸಾಮಾನಿನ ರೂಮಿನ ಬೀಗದ ಕೈ ಸಾಹೇಬ್ರ ಹತ್ರಾನೇ ಐತೆ."

"ಏಯ್, ಕೇಳಿದ್ದಕ್ಕಷ್ಟೇ ಉತ್ತರ ಕೊಡು!" ಶ್ರೀನಿವಾಸಮೂರ್ತಿ ಗದರಿದರು.

"ಅವ ಅಷ್ಟ ಕೊಟ್ಟಾನ್ರೀ," ಎಂದು ಪ್ರೇಮಕ್ಕ ಜಿಂಕೆಯ ಆವರಣದ ಕಡೆ ನಡೆದರು.

ಆವರಣದ ಸುತ್ತ ಎರಡು ಸುತ್ತಿನ ಬೇಲಿ. ಹೊರಗೆ ಕಬ್ಬಿಣದ ಕಂಬಿ, ಒಳಗೆ ಜಾಲರಿ. ಎರಡರ ನಡುವೆ ಒಬ್ಬ ಆಳು ಮಲಗುವಷ್ಟು ಅಗಲದ ಜಾಗ. ಒಳಗೆ ನಾಲ್ಕು ಹೆಣ್ಣು ಜಿಂಕೆಗಳು ದೂರದ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಜನ ಕಂಡರೆ ಓಡಿ ಬರುತ್ತಿದ್ದ ಜಿಂಕೆಗಳು ಇವತ್ತು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

"ಅವತ್ತ ಎಲ್ಲೆಲ್ಲಿ ನಿಂತಿದ್ರಿ, ಅಲ್ಲೇ ನಿಂದರ್ರಿ," ಎಂದರು ಪ್ರೇಮಕ್ಕ.

ಮಕ್ಕಳು ಹಗ್ಗ ಬಿಟ್ಟು ಕಂಬಿ ಹಿಡಿದು ನಿಂತವು. ಜಲಜಾ ಮಾತ್ರ ಹಿಂದೆಯೇ ಉಳಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಯಾಕವ್ವಿ? ನೀ ಎಲ್ಲಿ ನಿಂತಿದ್ದಿ?"

ಜಲಜಾ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು. "ಟೀಚರ್, ಅಜ್ಜಿ ಏನೂ ಮಾಡಿಲ್ಲ. ಅಜ್ಜೀನ ಪೊಲೀಸ್ ಬಿಟ್ಬಿಡ್ಲಿ. ನಾನೇ ಕೊಂದಿದ್ದು."

ಶ್ರೀನಿವಾಸಮೂರ್ತಿಯ ಮುಖದಲ್ಲಿ ಏನೋ ಗೆಲುವು ಮೂಡಿತು. "ಕೇಳಿದ್ರಾ ಇನ್ಸ್‌ಪೆಕ್ಟ್ರೇ? ಮಗು ಬಾಯಲ್ಲೇ ಬಂತು!"

ಪ್ರೇಮಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ಧೂಳಿನಲ್ಲೇ ಮೊಣಕಾಲೂರಿ ಕೂತು ಜಲಜಾಳ ಎರಡೂ ಕೈ ಹಿಡಿದುಕೊಂಡರು.

"ಏನ ಕೊಟ್ಟಿ ನೀನು?"

"ಕೋಡುಬಳೆ. ಅಮ್ಮ ಕೊಟ್ಟಿದ್ದು. ಖಾರ ಇತ್ತು. ಅರ್ಧ ತಿಂದು ಅರ್ಧ ಚುಕ್ಕಿರಾಯಂಗೆ ಎಸ್ದೆ. ಅದು ಖಾರಕ್ಕೇ ಸತ್ತೋಯ್ತು."

ಐದು ದಿನ ಆ ಕೂಸು ಇದನ್ನು ತಾನೊಂದೇ ಹೊತ್ತುಕೊಂಡಿತ್ತು. ರಾತ್ರಿ ಹಗಲು ಹೊತ್ತುಕೊಂಡಿತ್ತು. ಯಾರೋ ಒಬ್ಬ ದೊಡ್ಡ ಮನುಷ್ಯ ತನ್ನ ಕುರ್ಚಿ ಉಳಿಸಿಕೊಳ್ಳಲು ಒಂದು ಕಾಗದ ಬರೆದ. ಅದರ ಭಾರವೆಲ್ಲ ಬಂದು ಈ ಎರಡು ಪುಟ್ಟ ಹೆಗಲ ಮೇಲೆ ಬಿತ್ತು. ಪ್ರೇಮಕ್ಕನಿಗೆ ಕೂಗಬೇಕೆನಿಸಿತು. ಕೂಗಲಿಲ್ಲ.

"ಎಲ್ಲಿಂದ ಎಸದಿ? ತೋರ್ಸು."

ಜಲಜಾ ಕಂಬಿಯ ಮೂಲೆಯೊಂದನ್ನು ತೋರಿಸಿದಳು. ಪ್ರೇಮಕ್ಕ ಅಲ್ಲಿ ಬಗ್ಗಿ ಎರಡು ಬೇಲಿಗಳ ನಡುವಿನ ಹುಲ್ಲನ್ನು ಕಣ್ಣಲ್ಲೇ ಜಾಲಾಡಿದರು. ಕಡಲೆಕಾಯಿ ಸಿಪ್ಪೆ, ಬಸ್ ಟಿಕೇಟು, ಒಂದು ಪೆಪ್ಪರಮಿಂಟಿನ ಕಾಗದ. ಅದರಾಚೆ ಇರುವೆಗಳ ಒಂದು ಸಾಲು. ಆ ಸಾಲು ಹೋಗಿ ಮುಟ್ಟಿದ ಕಡೆ ಬಾಗಿದ, ಕೆಂಪನೆಯ ಒಂದು ತುಣುಕು.

ಅವರು ಕಂಬಿಯೊಳಗೆ ತೋಳು ತೂರಿಸಿ, ಕೆನ್ನೆ ಕಬ್ಬಿಣಕ್ಕೆ ಒತ್ತಿ, ಅದನ್ನು ಎಳೆದು ತೆಗೆದರು.

"ಇದೇನು?"

ಜಲಜಾ ಕಣ್ಣರಳಿಸಿದಳು. "ಕೋಡುಬಳೆ..."

"ನಿಂದ?"

"ಹೂಂ."

"ಚುಕ್ಕಿರಾಯ ಇದನ್ನ ಮೂಸೇ ಇಲ್ಲವ್ವಿ. ನಿನ್ನ ಕೈಯಾಗ ಅಷ್ಟು ದೂರ ಒಗಿಯೂ ಜೋರ ಎಲ್ಲೈತಿ? ಇಲ್ಲೇ ಬಿದ್ದೈತಿ, ಇರಬೀಗೆ ಊಟ ಆಗೇತಿ. ನೀ ಯಾರನ್ನೂ ಕೊಂದಿಲ್ಲ. ಕೇಳ್ತೇನು? ಯಾರನ್ನೂ."

ಜಲಜಾ ಆ ತುಣುಕನ್ನು ನೋಡಿದಳು, ಇರುವೆಗಳನ್ನು ನೋಡಿದಳು. ಆಮೇಲೆ ಟೀಚರ ಕುತ್ತಿಗೆಗೆ ಜೋತುಬಿದ್ದು ಬಿಕ್ಕಿ ಬಿಕ್ಕಿ ಅತ್ತಳು.

ಶೇಖರಪ್ಪ ಎರಡು ಹೆಜ್ಜೆ ಮುಂದೆ ಬಂದರು. ಅವರಿಗೂ ಮನೆಯಲ್ಲಿ ಇಷ್ಟೇ ವಯಸ್ಸಿನವಳೊಬ್ಬಳಿದ್ದಳು. "ಸಾರ್, ಜಿಂಕೆ ಬಾಯಿಂದ ತೆಗೆದ ಸೊಪ್ಪು ಅಂತ ಎತ್ತಿಟ್ಟಿದೀನಿ ಅಂದಿದ್ರಲ್ಲ. ಅದು ತನ್ನಿ."

ಶ್ರೀನಿವಾಸಮೂರ್ತಿ ಆಫೀಸಿನಿಂದ ಒಂದು ಹಳೇ ಪೇಪರಿನ ಪೊಟ್ಟಣ ತಂದುಕೊಟ್ಟರು. ಶೇಖರಪ್ಪ ಅದನ್ನು ಬಿಚ್ಚಿ ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದರು. ಒಣಗಿ ಸುರುಳಿಯಾಗಿದ್ದರೂ ಎಲ್ಲವೂ ಇಡಿಯಾಗಿದ್ದವು. ಒಂದರ ಮೇಲೂ ಹಲ್ಲಿನ ಗುರುತಿರಲಿಲ್ಲ.

"ಅಗಿಯದೇನೇ ಸತ್ತೋಯ್ತಾ ನಿಮ್ಮ ಜಿಂಕೆ?" ಅವರ ದನಿಯಲ್ಲಿದ್ದ ಮರ್ಯಾದೆ ಕರಗಿತ್ತು. "ದನದ ಡಾಕ್ಟ್ರನ್ನ ಕರೆಸಿದ್ರಾ?"

"ಅದು... ಆಗಲೇ ಸತ್ತಿತ್ತಲ್ಲ. ವಾಸನೆ ಬರುತ್ತೆ ಅಂತ ಹೂಳಿಸಿಬಿಟ್ಟೆ."

"ಯಾರ ಕೈಲಿ?"

"ವಾಚ್‌ಮನ್ ಚಾಂದ್ ಪಾಷಾ ಕೈಲಿ."

"ಕರೀರಿ ಅವನನ್ನ."

"ರಜ ಹಾಕಿ ಊರಿಗೆ ಹೋಗಿದಾನೆ. ಶುಕ್ರವಾರವೇ ಹೋದ."

ಪ್ರೇಮಕ್ಕ ಎದ್ದು ನಿಂತರು. ಸೀರೆಗೆ ಮೆತ್ತಿದ್ದ ಧೂಳನ್ನು ಕೊಡವಲಿಲ್ಲ. ಜೊತೆಗೆ ಬಂದಿದ್ದ ಚಿಕ್ಕ ಟೀಚರ್ ಸುಬ್ಬಲಕ್ಷ್ಮಿಯನ್ನು ಕರೆದು, ಮಕ್ಕಳನ್ನು ವನದ ಆ ತುದಿಯ ಉಯ್ಯಾಲೆ ಹತ್ತಿರ ಕರೆದೊಯ್ದು ಚಿತ್ರಾನ್ನದ ಡಬ್ಬಿ ಬಿಚ್ಚಿಸಲು ಹೇಳಿದರು. ಮಕ್ಕಳು ಮರೆಯಾಗುವವರೆಗೂ ಕಾದರು.

"ಇನ್ಸ್‌ಪೆಕ್ಟ್ರೇ, ಕುಣಿ ತೆಗಸ್ರಿ."

"ಸಾಧ್ಯವೇ ಇಲ್ಲ!" ಶ್ರೀನಿವಾಸಮೂರ್ತಿ ಹೆಚ್ಚು ಕಡಿಮೆ ಕಿರುಚಿದರು. "ರೋಗ ಹರಡಿದ್ರೆ ಯಾರು ಜವಾಬ್ದಾರಿ? ವನದ ಸಮಿತಿಯ ಅಪ್ಪಣೆ ಬೇಕು. ದೊಡ್ಡ ದೊಡ್ಡೋರಿದ್ದಾರೆ ಸಮಿತೀಲಿ, ಗೊತ್ತಿರಲಿ!"

ಶೇಖರಪ್ಪ ಹಿಂಜರಿದರು. ದೊಡ್ಡವರು ಎಂಬ ಮಾತು ಪೊಲೀಸಿನವನ ಕಾಲಿಗೆ ಬೇಗ ತೊಡರುತ್ತದೆ.

"ಮುದುಕೀನ ಮೂರು ದಿನ ಬೆಂಚಿನ ಮ್ಯಾಲೆ ಕೂಡ್ಸಾಕ ಯಾರ ಅಪ್ಪಣಿ ಕೇಳಿದ್ರಿ ನೀವು?" ಪ್ರೇಮಕ್ಕ ಕೇಳಿದರು. "ನಿಮ್ಮ ಠಾಣ್ಯಾಗ ಆಕೀಗೆ ನೀರ ಕೊಟ್ಟವರೂ ಇಲ್ಲ. ಆಕೀ ಮಾತು ಬಂದಾಗ ಕಾನೂನು ಓಡಿ ಬರ್ತೈತಿ, ಈ ಸಾಹೇಬ್ರ ಮಾತು ಬಂದ ಕೂಡ್ಲೆ ಅಪ್ಪಣಿ ಹುಡುಕ್ತೈತೇನು?"

ಶೇಖರಪ್ಪನ ಕಿವಿ ಕೆಂಪಾಯಿತು. ಟೋಪಿ ತಲೆಗಿಟ್ಟುಕೊಂಡರು. "ಶ್ರೀರಾಮಪ್ಪ, ಗುದ್ದಲಿ ತಗೋ."

ಕುಣಿ ಇದ್ದದ್ದು ಬಿದಿರುಮೆಳೆಯ ಹಿಂದೆ. ಮಣ್ಣು ಸಡಿಲವಾಗಿತ್ತು. ಎರಡಡಿ ಹೋಗುವಷ್ಟರಲ್ಲಿ ಸುಣ್ಣ ಕಂಡಿತು, ಸುಣ್ಣದ ಕೆಳಗೆ ಕವಲೊಡೆದ ಕೊಂಬು. ಶ್ರೀರಾಮಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಕೈಯಲ್ಲೇ ಮಣ್ಣು ಸರಿಸಿದ. ಆ ಕೊಂಬಿಗೆ ಬೇಸಗೆಯಲ್ಲಿ ಎಣ್ಣೆ ಹಚ್ಚುತ್ತಿದ್ದವನು ಅವನೇ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಸಾಮೀ," ಎಂದ ಒಮ್ಮೆಲೇ. "ಇಲ್ ನೋಡಿ."

ಮುಂಗಾಲಿನ ಹಿಂದೆ, ಪಕ್ಕೆಯ ಮೇಲೆ ಒಂದು ಗುಂಡನೆಯ ತೂತು. ಸುತ್ತಲೂ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು.

ಶೇಖರಪ್ಪ ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆ ತೂತನ್ನು ನೋಡಿದರು.

"ಗುಂಡೇಟು. ರೈಫಲ್ಲು."

ಪ್ರೇಮಕ್ಕ ಕುಣಿಯೊಳಗೆ ಬಗ್ಗಿ ನೋಡಿದರು. ಕೂಸುಗಳು ಹೆಸರು ಹಿಡಿದು ಕರೆದರೆ ಬೇಲಿಗೆ ಬಂದು ಮೂಗು ಚಾಚುತ್ತಿದ್ದ ಪ್ರಾಣಿ! ಅದು ಓಡಿಯೂ ಇರಲಿಕ್ಕಿಲ್ಲ. ಕಡಲೆಕಾಯಿ ಕೊಡಲು ಬಂದರೆಂದುಕೊಂಡು ಹತ್ತಿರವೇ ಬಂದಿರಬೇಕು.

"ಯಾರ್ರೀ?" ಅವರು ಶ್ರೀನಿವಾಸಮೂರ್ತಿಯ ಎದುರಿಗೇ ಹೋಗಿ ನಿಂತರು. "ಯಾರು ಹೊಡದ್ರು?"

ಶ್ರೀನಿವಾಸಮೂರ್ತಿ ಬಿದಿರಿನ ಬುಡದಲ್ಲಿ ಕುಸಿದು ಕೂತರು. ಎರಡು ನಿಮಿಷದ ಹಿಂದಿದ್ದ ಗತ್ತು ಒಂದಿಷ್ಟೂ ಉಳಿದಿರಲಿಲ್ಲ.

"ಗುರುವಾರ ಗೇಟು ಹಾಕಿದ ಮೇಲೆ ಒಂದು ಜೀಪ್ ಬಂತು. ಮೂರು ಜನ ಇದ್ರು. ಸಮಿತಿಯೋರ ಕಡೆಯೋರು. ಒಳಗೆ ಬಿಡಲ್ಲ ಅನ್ನೋಕೆ ನಾನ್ಯಾರಮ್ಮ? ಬರೀ ಗುರಿ ಅಭ್ಯಾಸ, ಮರಕ್ಕೆ ಹೊಡೀತೀವಿ ಅಂದ್ರು. ಆಮೇಲೆ... ಏನಾದ್ರೂ ಒಂದು ಕಥೆ ಕಟ್ಟು, ಇಲ್ಲಾಂದ್ರೆ ಮನೆಗೆ ಹೋಗ್ತೀಯ ಅಂದ್ರು. ಅವತ್ತು ಬೆಳಿಗ್ಗೆ ಮಕ್ಕಳು ಬಂದಿದ್ವು. ನಂಗೂ ಮೂರು ಮಕ್ಕಳಿದಾವೆ ಪ್ರೇಮಕ್ಕ."

"ನಿಮ್ಮ ಮೂರು ಮಕ್ಕಳಿಗೋಸ್ಕರ ನನ್ನ ಹದಿನೆಂಟು ಮಕ್ಕಳನ್ನ ಕೊಲೆಗಾರ್ರನ್ನ ಮಾಡಿದ್ರಿ!" ಪ್ರೇಮಕ್ಕನ ದನಿ ಈಗ ನಿಜವಾಗಿಯೂ ಏರಿತ್ತು. "ಅವು ತಿರುಗಿ ಮಾತಾಡಂಗಿಲ್ಲ, ವಕೀಲ್ರನ್ನ ಹಿಡ್ಯಂಗಿಲ್ಲ. ಅದಕ್ಕ ಅಲ್ಲೇನು ಅವನ್ನ ಆರಿಸಿದ್ದು? ಏಳ್ರಿ ಮ್ಯಾಲೆ. ನಡೀರಿ."

"ಎಲ್ಲಿಗೆ?"

"ಉಯ್ಯಾಲೀ ಹತ್ರ. ಮಕ್ಕಳ ಮುಂದ ಹೇಳ್ರಿ."

ಶೇಖರಪ್ಪ ತಡೆಯಲಿಲ್ಲ. ಹಾಗೆ ಆ ಮಧ್ಯಾಹ್ನ ಹಿಪ್ಪೆತೋಪಿನ ವನದ ಸೂಪರಿಂಟೆಂಡೆಂಟ್, ಬಾಯಲ್ಲಿ ಚಿತ್ರಾನ್ನ ತುಂಬಿಕೊಂಡ ಹದಿನೆಂಟು ಮಕ್ಕಳ ಮುಂದೆ ಕೈಕಟ್ಟಿ ನಿಂತರು.

"ನೀವು... ನೀವ್ಯಾರೂ ಏನೂ ಮಾಡಿಲ್ಲ ಮಕ್ಕಳೇ. ನಾನು ಸುಳ್ಳು ಹೇಳಿದ್ದೆ. ಆಯಾನೂ ಏನೂ ಮಾಡಿಲ್ಲ."

ಮಕ್ಕಳು ಪಿಳಿಪಿಳಿ ನೋಡಿದವು. ದೊಡ್ಡವರು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡದ್ದನ್ನು ಅವು ಅದುವರೆಗೆ ಕಂಡಿರಲಿಲ್ಲ.

"ಅಜ್ಜಿ ನಾಳೆ ಸ್ಕೂಲಿಗೆ ಬರ್ತಾರಾ?" ನಾಣಿ ಕೇಳಿದ.

"ಬರ್ತಾರಪ್ಪ," ಶೇಖರಪ್ಪ ಹೇಳಿದರು. "ನಾನೇ ಜೀಪಲ್ಲಿ ಮನೆಗೆ ಬಿಟ್ಟು ಬರ್ತೀನಿ."

ಜಲಜಾಳ ತಟ್ಟೆ ಅರ್ಧ ಖಾಲಿಯಾಗಿತ್ತು. ಅವಳು ಕೈ ನೆಕ್ಕುತ್ತಾ ಶ್ರೀನಿವಾಸಮೂರ್ತಿಯನ್ನೇ ನೋಡಿದಳು. "ಮತ್ತೆ ಚುಕ್ಕಿರಾಯನ್ನ ಕೊಂದೋರು ಯಾರು ಅಂಕಲ್?"

ಶ್ರೀನಿವಾಸಮೂರ್ತಿ ಶೇಖರಪ್ಪನ ಮುಖ ನೋಡಿದರು.

ಅಷ್ಟರಲ್ಲಿ ಗೇಟಿನ ಕಡೆಯ ದಾರಿಯಲ್ಲಿ ಒಬ್ಬ ಹೆಂಗಸು ಬರುವುದು ಕಂಡಿತು. ಸೆರಗನ್ನು ತಲೆತುಂಬ ಹೊದ್ದಿದ್ದಳು. ಕೈಯಲ್ಲಿ ಮೂರಂತಸ್ತಿನ ಊಟದ ಕ್ಯಾರಿಯರ್. ಸೂಪರಿಂಟೆಂಡೆಂಟರನ್ನು ಕಂಡು ಅವಳು ನಡಿಗೆ ಚುರುಕು ಮಾಡಿದಳು.

"ಸಲಾಂ ಸಾಬ್. ಗೇಟಲ್ಲಿ ನೀವಿಲ್ಲ ಅಂತ ಒಳಗೇ ಬಂದ್ಬಿಟ್ಟೆ. ಊಟ ಆರೋಗ್ತೈತೆ ಅಲ್ವಾ."

ಶ್ರೀನಿವಾಸಮೂರ್ತಿಯ ಮುಖ ಬಿಳುಚಿತು.

"ಯಾರಮ್ಮ ನೀನು?" ಶೇಖರಪ್ಪ ಕೇಳಿದರು.

"ಖಮರ್ ಬೀ ಸಾಬ್. ವಾಚ್‌ಮನ್ ಚಾಂದ್ ಪಾಷಾ ನಮ್ಮ ಮನೆಯೋರು." ಅವಳು ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಡಬಲ್ ಡ್ಯೂಟಿ ಐತೆ, ಮನೆಗೆ ಬರೋಕಾಗಲ್ಲ, ಊಟ ಮಾತ್ರ ತಂದುಕೊಡು ಅಂತ ಈ ಸಾಬ್ರೇ ಹೇಳಿದ್ದು. ಶುಕ್ರವಾರದಿಂದ ದಿನಾ ತಂದು ಇವರ ಕೈಗೇ ಕೊಡ್ತಾ ಇದೀನಿ. ಸಂಜೆ ಖಾಲಿ ಕ್ಯಾರಿಯರ್ ಗೇಟಲ್ಲಿ ನೇತಾಕಿರ್ತಾರೆ. ಬರೋಬರ್ ತಿಂತಾ ಇದಾರೆ, ಅಷ್ಟೇ ಸಮಾಧಾನ. ಇವತ್ತು ಮುಖ ನೋಡ್ಕೊಂಡ್ ಹೋಗ್ಲಾ ಸಾಬ್?"

ರಜ ಹಾಕಿ ಊರಿಗೆ ಹೋದ ಎಂದಿದ್ದರಲ್ಲ! ಶೇಖರಪ್ಪ ಒಂದೇ ಹೆಜ್ಜೆಗೆ ಶ್ರೀನಿವಾಸಮೂರ್ತಿಯ ಪಕ್ಕಕ್ಕೆ ಬಂದು, ಅವರ ತೋಳನ್ನು ಗಟ್ಟಿಯಾಗಿ ಹಿಡಿದರು. ಅವಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಜಿಂಕೆಗೆ ಬಿದ್ದಿರೋದು ಒಂದೇ ಗುಂಡು. ಅವತ್ತು ಹಾರಿದ್ದು ಎಷ್ಟು?"

ಶ್ರೀನಿವಾಸಮೂರ್ತಿ ಕೈಯನ್ನು ಎದೆಯ ಹತ್ತಿರ ತಂದು ಎರಡು ಬೆರಳೆತ್ತಿದರು.

ಖಮರ್ ಬೀ ಆ ಬೆರಳುಗಳನ್ನು ನೋಡಿದಳು. ಅವಳ ಮುಖದಲ್ಲಿ ಸಣ್ಣ ನಗು ಬಂತು.

"ಏನ್ ಸಾಬ್, ನಾಳೆಯಿಂದ ಇಬ್ಬರಿಗೆ ತರ್ಬೇಕಾ ಊಟ?"